ತೊಳೆದ ಕಾರಿಗೆ ಗಾಳಿಯೋ, ಬಟ್ಟೆಯೋ? ಬ್ಲೋವರ್ ಕೊಳ್ಳುವ ಮುಂಚೆ ಒಂದಿಷ್ಟು ಮಾತು

ಕಾರು ತೊಳೆದಾಯ್ತು. ಟವೆಲ್ಲಿನಲ್ಲಿ ಮೇಲಿಂದ ಕೆಳಗಿನ ತನಕ ಒರೆಸಿದ್ದೂ ಆಯ್ತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಫಳಫಳ ಹೊಳೆಯುತ್ತಿದೆ. ಅಷ್ಟರಲ್ಲಿ ಸೈಡ್ ಮಿರರ್ ಕೆಳಗಿನಿಂದ ಒಂದು ಹನಿ ಮೆಲ್ಲಗೆ ಇಳಿಯುತ್ತದೆ. ಒರೆಸುತ್ತೀರಿ. ಇನ್ನೊಂದು ಇಳಿಯುತ್ತದೆ. ಅದನ್ನೂ ಒರೆಸಿ, ಒಳಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಮಿರರಿನಿಂದ ಬಾಗಿಲಿನ ಕೆಳಗಿನ ಅಂಚಿನ ತನಕ ನೀರಿನ ಜಾಡು. ಒಣಗಿದ ಮೇಲೆ ಅದೇ ಬೆಳ್ಳನೆಯ ಗೆರೆ.

ನನ್ನದು ಕಪ್ಪು ಕಾರು. ಆ ಗೆರೆಯ ಮೇಲಿನ ಸಿಟ್ಟಿಗೇ ನಾನು ಬ್ಲೋವರ್ ಕೊಂಡದ್ದು. ಆಮೇಲೆ ಒಂದಲ್ಲ, ಮೂರು ಬಗೆಯವು ಕೈ ಬದಲಾದವು. ಅದರಿಂದ ಗೊತ್ತಾದ ಮಾತು ಇಷ್ಟೇ: ಬ್ಲೋವರ್ ಇರುವುದು ಟವೆಲ್ ಮುಟ್ಟಲಾಗದ ನೀರಿಗೆ. ಮಿರರ್ ಒಳಗಿನ ನೀರು, ಬಾಗಿಲ ಹಿಡಿಕೆ, ಗ್ರಿಲ್, ಲೋಗೋ ಅಕ್ಷರಗಳ ಸಂದು, ಪೆಟ್ರೋಲ್ ಮುಚ್ಚಳದ ಒಳಗು, ಚಕ್ರದ ನಟ್ಟಿನ ಗುಂಡಿ. ಇಡೀ ಕಾರನ್ನು ಗಾಳಿಯಲ್ಲೇ ಒಣಗಿಸುವುದು ಆಗುವ ಕೆಲಸವೇ, ಆದರೆ ಅದಕ್ಕೆ ಕಾರಿನ ಪೇಂಟೂ ಒಪ್ಪಬೇಕು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಆರಿಸಿದರೆ ತಪ್ಪು ಸಾಮಾನು ಮನೆಗೆ ಬರುವುದಿಲ್ಲ.

ನೀರು ತಾನಾಗಿ ಒಣಗಲಿ ಬಿಡಿ ಅಂದರೆ?

ಒಣಗುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಅಲ್ಲೇ ಉಳಿದುಕೊಳ್ಳುತ್ತದೆ. ಗಡಸು ನೀರಾದರೆ ಹನಿ ಇದ್ದ ಕಡೆಯೆಲ್ಲ ಉಂಗುರದ ಹಾಗೆ ಕಲೆ. ಹೊಸ ಕಲೆಯಾದರೆ ನೀರು ಬೆರೆಸಿದ ಬಿಳಿ ವಿನಿಗರ್ ಹಚ್ಚಿ, ಒರೆಸಿ, ಕೂಡಲೇ ತೊಳೆದರೆ ಹೋಗುತ್ತದೆ. ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ವಾರಗಟ್ಟಲೆ ಕೂತರೆ ಅದು ಪೇಂಟಿನ ಮೇಲ್ಪದರವನ್ನೇ ಕೊರೆಯುತ್ತದೆ. ಆಗ ಪಾಲಿಶ್ ಹಾಕಿಸದೆ ಬೇರೆ ದಾರಿ ಇಲ್ಲ.

ಹಾಗಂತ ಗಸಗಸ ಉಜ್ಜಿ ಒರೆಸಿದರೂ ಕಷ್ಟವೇ. ಪೇಂಟಿನ ಮೇಲೆ ಇರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಾವು ಪ್ರಿಂಟ್ ತೆಗೆಯುವ ಹಾಳೆ ಸುಮಾರು 100 ಮೈಕ್ರಾನ್. ಅಂದರೆ ಒಂದು ಹಾಳೆಯ ಅರ್ಧದಷ್ಟು ದಪ್ಪದ ಪದರದ ಮೇಲೆ ನಾವು ಬಟ್ಟೆ ಎಳೆಯುತ್ತಿರುತ್ತೇವೆ. ತೊಳೆದ ಮೇಲೂ ಉಳಿದುಕೊಂಡ ಒಂದು ಮರಳಿನ ಕಣ ಸಾಕು, ಬಿಸಿಲಿನಲ್ಲಿ ಜೇಡರ ಬಲೆಯ ಹಾಗೆ ಕಾಣುವ ಸಣ್ಣ ಗೀರುಗಳು ಬೀಳಲು. ಗಾಳಿ ಪೇಂಟನ್ನು ಮುಟ್ಟುವುದಿಲ್ಲ. ಬ್ಲೋವರ್ ಪರ ವಾದ ಮಾಡುವವರ ದೊಡ್ಡ ಅಸ್ತ್ರ ಇದೇ, ಮತ್ತು ಅದು ನಿಜವೂ ಹೌದು.

ಮೊದಲು ಟವೆಲ್ಲಿಗೆ ಅದರ ಮರ್ಯಾದೆ ಕೊಡೋಣ

ಒಳ್ಳೆಯ ಡ್ರೈಯಿಂಗ್ ಟವೆಲ್ ಇಲ್ಲದೆ ಬ್ಲೋವರ್ ಕೊಳ್ಳುವುದು ಚಪ್ಪಲಿ ಇಲ್ಲದೆ ಕಾಲುಚೀಲ ಕೊಂಡ ಹಾಗೆ. ಹುರಿ ಹಾಕಿದ ಎಳೆಯ, ಉದ್ದ ಕುಣಿಕೆಗಳಿರುವ ಮೈಕ್ರೋಫೈಬರ್ ಟವೆಲ್ ತೆಗೆದುಕೊಳ್ಳಿ. 60 ಸೆಂಟಿಮೀಟರ್ ಅಗಲ, 90 ಉದ್ದ ಇದ್ದರೆ ಬಾನೆಟ್ಟಿಗೆ ಎರಡು ಎಳೆತ ಸಾಕು. ಬಾನೆಟ್ ಮೇಲೆ ಹಾಸಿ, ಒಂದು ಅಂಚು ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಒತ್ತಬೇಡಿ. ಟವೆಲ್ಲಿನ ತೂಕವೇ ಸಾಕು.

ಸ್ನಾನದ ಟವೆಲ್ ಬೇಡ. ಶಾಮಿ ಅನ್ನುವ ಚರ್ಮದ ಒರೆಸುಬಟ್ಟೆಯೂ ನನಗೆ ಇಷ್ಟವಿಲ್ಲ. ಅದರ ಮೈ ನುಣುಪು, ಕಣ ಸಿಕ್ಕಿದರೆ ಒಳಗೆ ಅಡಗಿಸಿಕೊಳ್ಳಲು ಜಾಗವೇ ಇಲ್ಲ, ಎಳೆದುಕೊಂಡೇ ಹೋಗುತ್ತದೆ. ನೀರು ಬಳಿದು ತೆಗೆಯುವ ಸಿಲಿಕೋನ್ ಪಟ್ಟಿಯದೂ ಅದೇ ಕಥೆ. ಗಾಜಿಗೆ ಸರಿ, ಪೇಂಟಿಗೆ ಬೇಡ. ಮೈಕ್ರೋಫೈಬರ್ ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರವ ಹಾಕಬೇಡಿ, ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರುವುದೇ ನಿಂತುಹೋಗುತ್ತದೆ. ಇನ್ನು ಟವೆಲ್ ನೆಲಕ್ಕೆ ಬಿತ್ತಾ? ಅವತ್ತಿನ ಮಟ್ಟಿಗೆ ಅದು ಚಕ್ರ ಒರೆಸುವ ಬಟ್ಟೆ. ಜಾಡಿಸಿ ಮತ್ತೆ ಬಳಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿದೆ.

ಡಬ್ಬದ ಮೇಲಿನ ಅಂಕಿಗಳ ಆಟ

ಬ್ಲೋವರ್ ಹುಡುಕಲು ಹೊರಟರೆ ಎರಡು ಅಂಕಿಗಳು ಕಣ್ಣಿಗೆ ಬೀಳುತ್ತವೆ. ಒಂದು ಸಿಎಫ್ಎಂ, ಅಂದರೆ ಒಂದು ನಿಮಿಷದಲ್ಲಿ ಎಷ್ಟು ಘನ ಅಡಿ ಗಾಳಿ ಹೊರಬರುತ್ತದೆ ಅನ್ನುವುದು. ಇನ್ನೊಂದು ವೇಗ, ಗಂಟೆಗೆ ಇಷ್ಟು ಕಿಲೋಮೀಟರ್ ಅಂತಲೋ ಸೆಕೆಂಡಿಗೆ ಇಷ್ಟು ಮೀಟರ್ ಅಂತಲೋ. ಮಾರುವವರು ಯಾವುದು ದೊಡ್ಡದಾಗಿ ಕಾಣುತ್ತದೋ ಅದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಒಂದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ.

ಒಂದು ಲೆಕ್ಕ ಮಾಡೋಣ. 8 ಸೆಂಟಿಮೀಟರ್ ಅಗಲದ ಮೂತಿಯಿಂದ 500 ಸಿಎಫ್ಎಂ ಗಾಳಿ ಹೊರಟರೆ ವೇಗ ಹೆಚ್ಚುಕಡಿಮೆ ಸೆಕೆಂಡಿಗೆ 47 ಮೀಟರ್, ಅಂದರೆ ಗಂಟೆಗೆ ಸುಮಾರು 170 ಕಿಲೋಮೀಟರ್. ಈಗ 3 ಸೆಂಟಿಮೀಟರ್ ಮೂತಿಯ ಪುಟಾಣಿ ಬ್ಲೋವರ್ ತೆಗೆದುಕೊಳ್ಳಿ. ಅದೂ 170ರ ವೇಗವನ್ನೇ ಕೊಡಬಹುದು. ಡಬ್ಬದ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಪುಟಾಣಿಯಿಂದ ಬರುವ ಗಾಳಿ 70 ಸಿಎಫ್ಎಂ ಅಷ್ಟೇ, ದೊಡ್ಡದರ ಏಳನೇ ಒಂದು ಪಾಲು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಡಬ್ಬ ಹೇಳುವುದೇ ಇಲ್ಲ. ಮೂತಿಯಿಂದ ಹೊರಟ ಗಾಳಿ ಪೂರ್ತಿ ವೇಗ ಉಳಿಸಿಕೊಳ್ಳುವುದು ಮೂತಿಯ ಅಗಲದ ಐದಾರು ಪಟ್ಟು ದೂರದ ತನಕ ಮಾತ್ರ. ಆಮೇಲೆ ಸುತ್ತಲಿನ ಗಾಳಿಯ ಜೊತೆ ಬೆರೆತು ಸೊರಗುತ್ತಾ ಹೋಗುತ್ತದೆ. 8 ಸೆಂಟಿಮೀಟರ್ ಮೂತಿಯಾದರೆ 40 ಸೆಂಟಿಮೀಟರ್ ದೂರದಿಂದಲೂ ನೀರು ಓಡುತ್ತದೆ. 3 ಸೆಂಟಿಮೀಟರಿನದಾದರೆ 15 ಸೆಂಟಿಮೀಟರ್ ದಾಟಿದ ಕೂಡಲೇ ಕಸುವು ಇಳಿಯಲು ಶುರು. ಅದಕ್ಕೇ ಪುಟಾಣಿ ಬ್ಲೋವರ್ ಹಿಡಿದವರು ಕಾರಿಗೆ ಮುತ್ತಿಡುವ ಹಾಗೆ ಬಗ್ಗಿಕೊಂಡು ಕೆಲಸ ಮಾಡುವುದು. ಅವರ ತಪ್ಪಲ್ಲ, ಗಾಳಿಯ ಸ್ವಭಾವ.

ಎಚ್‌ಪಿ ಅಂಕಿಯ ಬಗ್ಗೆ ಒಂದೇ ಮಾತು. 1 ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. ಯಾವುದಾದರೂ ಡ್ರೈಯರ್ ಮೇಲೆ 8 ಎಚ್‌ಪಿ ಅಂತ ಬರೆದಿದ್ದರೆ ಸುಮಾರು 6,000 ವ್ಯಾಟ್ ಆಯ್ತು. ಮನೆಯ ಸಾಮಾನ್ಯ ಪ್ಲಗ್ಗಿನಿಂದ ಅಷ್ಟು ಕರೆಂಟ್ ಎಳೆಯಲು ಆಗುವುದೇ ಇಲ್ಲ. ಅದು ಕ್ಷಣಮಾತ್ರದ ಗರಿಷ್ಠ ಅಂಕಿ. ಹಿಂಬದಿಯ ಲೇಬಲ್ಲಿನಲ್ಲಿ ವ್ಯಾಟ್ ಎಷ್ಟು, ಆಂಪಿಯರ್ ಎಷ್ಟು ಅಂತ ನೋಡಿ.

ಬ್ಯಾಟರಿ ಲೀಫ್ ಬ್ಲೋವರ್

ಒಣಗಿದ ಎಲೆ ಗುಡಿಸಲು ಮಾಡಿದ್ದು. ಕಾರು ಒಣಗಿಸುವವರ ಕೈಗೆ ಸಿಕ್ಕಿ ಹೊಸ ಕೆಲಸ ಕಲಿತಿದೆ. ನಾನು ಈಗ ಹೆಚ್ಚು ಬಳಸುವುದು ಇದನ್ನೇ.

18 ವೋಲ್ಟಿನ ಸಣ್ಣವು ಬರುತ್ತವೆ, 40, 56 ವೋಲ್ಟಿನ ದೊಡ್ಡವೂ ಇವೆ. ಡ್ರಿಲ್ಲಿಂಗ್ ಮಷೀನಿನದೋ ಇನ್ಯಾವುದರದೋ 18 ವೋಲ್ಟ್ ಬ್ಯಾಟರಿ ಮನೆಯಲ್ಲಿದ್ದರೆ, ಅದೇ ಕಂಪನಿಯ ಬ್ಲೋವರನ್ನು ಬ್ಯಾಟರಿ ಇಲ್ಲದೆ ಬರೀ ಮಷೀನ್ ಮಾತ್ರ ಕೊಳ್ಳಬಹುದು. ಇದಕ್ಕಿಂತ ಬುದ್ಧಿವಂತಿಕೆಯ ಖರೀದಿ ಇಲ್ಲ. ಆದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿ ಅಂದರೆ 72 ವ್ಯಾಟ್-ಅವರ್. ಬ್ಲೋವರ್ 600 ವ್ಯಾಟ್ ಎಳೆದರೆ ಏಳು ನಿಮಿಷಕ್ಕೆ ಮುಗಿಯಿತು. ಸಂದುಗಳಿಗೆ ಇದು ಧಾರಾಳ. ಇಡೀ ಕಾರಿಗೆ ಸಾಲದು. ಪೂರ್ತಿ ಗಾಳಿಯಲ್ಲೇ ಒಣಗಿಸುವ ಹಟ ಇದ್ದವರು ದೊಡ್ಡ ವೋಲ್ಟಿನದು ನೋಡಬೇಕು, ಅಥವಾ ಎರಡು ಬ್ಯಾಟರಿ ಇಟ್ಟುಕೊಳ್ಳಬೇಕು.

ಕೊರತೆ ಎರಡು. ಮೊದಲನೆಯದು, ಎಲೆ ಊದುವ ಯಂತ್ರಕ್ಕೆ ಫಿಲ್ಟರ್ ಇರುವುದಿಲ್ಲ. ಹಿಂದಿನಿಂದ ಏನು ಎಳೆದುಕೊಳ್ಳುತ್ತದೋ ಅದನ್ನೇ ಮುಂದೆ ಕಕ್ಕುತ್ತದೆ. ಒಂದು ಸಲ ನಾನು ಅದನ್ನು ಅಂಗಳದ ಮಣ್ಣಿನ ಮೇಲೆ ಇಟ್ಟಿದ್ದೆ. ಎತ್ತುವ ಮುಂಚೆಯೇ ಸ್ವಿಚ್ ಒತ್ತಿದೆ. ಎದುರಿಗೆ ಈಗಷ್ಟೇ ತೊಳೆದ ಒದ್ದೆ ಬಾನೆಟ್. ಅದರ ಮೇಲೆ ರವೆ ಉದುರಿಸಿದ ಹಾಗೆ ಕೆಂಪು ಧೂಳು. ಆ ಸ್ಥಿತಿಯಲ್ಲಿ ಟವೆಲ್ ಇಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಮತ್ತೆ ಪೈಪ್ ಹಿಡಿದೆ, ಇನ್ನೇನು ಮಾಡುವುದು. ಅವತ್ತಿನಿಂದ ಮೊದಲು ಕಾರಿಗೆ ಬೆನ್ನು ಮಾಡಿ ನಿಂತು, ಅರ್ಧ ನಿಮಿಷ ಸುಮ್ನೆ ಓಡಿಸಿ, ಆಮೇಲೆ ತಿರುಗುತ್ತೇನೆ.

ಎರಡನೆಯದು ಮೂತಿ. ಗಟ್ಟಿ ಪ್ಲಾಸ್ಟಿಕ್, ಉದ್ದ ಜಾಸ್ತಿ. ಕೈ ಸೋತು ಒಂದು ಸಲ ತಾಗಿದರೆ ಗೀರು ಗ್ಯಾರಂಟಿ. ಗಾಳಿಯಿಂದ ಪೇಂಟ್ ಉಳಿಸಲು ಹೋಗಿ ಮೂತಿಯಿಂದ ಕೆರೆದುಕೊಂಡ ಹಾಗಾಗುತ್ತದೆ. ಇದಕ್ಕೆಂದೇ ರಬ್ಬರಿನ ಗಿಡ್ಡ ಮೂತಿಗಳು ಸಿಗುತ್ತವೆ. ಹಾಕಿಸಿಕೊಳ್ಳಿ. ಗಿಡ್ಡ ಮಾಡಿದರೆ ಮಿರರ್ ಹತ್ತಿರ ತಿರುಗಿಸುವುದೂ ಸುಲಭ.

ಪೆಟ್ರೋಲಿನ ಲೀಫ್ ಬ್ಲೋವರ್ ಬೇಡವೇ ಬೇಡ. ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಯಲ್ಲಿ ಎಣ್ಣೆ ಇರುತ್ತದೆ. ಅದು ನಿಮ್ಮ ಮೂಗಿಗೂ ಒಳ್ಳೆಯದಲ್ಲ, ಈಗಷ್ಟೇ ತೊಳೆದ ಕಾರಿಗೂ ಅಲ್ಲ.

ಅಂಗೈಯಗಲದ ಟರ್ಬೋ ಫ್ಯಾನ್

ಈಚೆಗೆ ಎಲ್ಲರ ಕೈಯಲ್ಲೂ ಇದೇ. ಟಾರ್ಚಿನಷ್ಟು ಗಾತ್ರ, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಸದ್ದು ಕೇಳಿದರೆ ವಿಮಾನ ನಿಲ್ದಾಣ ನೆನಪಾಗುತ್ತದೆ. ಮೊದಲ ಎರಡು ನಿಮಿಷ ನಿಜಕ್ಕೂ ಮಜಾ. ಆಮೇಲೆ ಮೈ ಬಿಸಿಯಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಒಳಗಿರುವುದು ಟಾರ್ಚಿಗೆ ಹಾಕುವಂಥ 18650 ಸೆಲ್ಲುಗಳು, ಒಂದೊಂದರಲ್ಲಿ 9ರಿಂದ 12 ವ್ಯಾಟ್-ಅವರ್ ಅಷ್ಟೇ. ನಾಲ್ಕು ಸೇರಿಸಿದರೂ ಮೇಲಿನ 18 ವೋಲ್ಟ್ ಬ್ಯಾಟರಿಯ ಮುಕ್ಕಾಲು ಭಾಗ ದಾಟುವುದಿಲ್ಲ.

ಆದರೂ ನಾನು ಇದನ್ನು ಬಯ್ಯುವುದಿಲ್ಲ. ಮಿರರ್, ಹಿಡಿಕೆ, ಲೋಗೋ, ಟೇಲ್ ಲ್ಯಾಂಪ್ ಸಂದು, ಇಷ್ಟಕ್ಕೆ ಮೂರ್ನಾಲ್ಕು ನಿಮಿಷ ಸಾಕಲ್ವಾ? ಆ ಕೆಲಸಕ್ಕೆ ಇದರಷ್ಟು ಹಗುರ, ಇದರಷ್ಟು ಕೈಗೊದಗುವ ಸಾಮಾನು ಇನ್ನೊಂದಿಲ್ಲ. ಡಿಕ್ಕಿಯಲ್ಲಿ ಒಂದು ಮೂಲೆಗೆ ಬಿದ್ದಿರುತ್ತದೆ. ಬೈಕ್ ಇರುವವರಿಗಂತೂ ಮೊದಲ ಆಯ್ಕೆ ಇದೇ ಆಗಲಿ. ಎಂಜಿನ್ನಿನ ರೆಕ್ಕೆಗಳ ನಡುವೆ, ಸ್ವಿಚ್ಚುಗಳ ಸುತ್ತ, ಚೈನಿನ ಮೇಲೆ ಟವೆಲ್ ಹೋಗುವ ಮಾತೇ ಇಲ್ಲ. ಕೊಳ್ಳುವಾಗ ಸೆಲ್ ಬದಲಿಸಬಹುದಾದ ಅಥವಾ ಬ್ಯಾಟರಿ ಕಳಚಬಹುದಾದ ಮಾಡೆಲ್ ನೋಡಿ. ಒಳಗೇ ಬೆಸೆದುಬಿಟ್ಟಿದ್ದರೆ ಸೆಲ್ ಸತ್ತ ದಿನ ಇಡೀ ಯಂತ್ರ ಕಸದ ಬುಟ್ಟಿಗೆ.

ಕಾರಿಗೆಂದೇ ಮಾಡಿದ ಡ್ರೈಯರ್

ವ್ಯಾಕ್ಯೂಮ್ ಕ್ಲೀನರಿನ ಹಾಗೆ ಕಾಣುತ್ತದೆ, ಆದರೆ ಊದುತ್ತದೆ. ವೈರ್ ಇರುತ್ತದೆ, ಬ್ಯಾಟರಿಯ ಚಿಂತೆ ಇಲ್ಲ. ಎಳೆದುಕೊಳ್ಳುವ ಗಾಳಿ ಫಿಲ್ಟರ್ ದಾಟಿ ಬರುತ್ತದೆ, ಹಾಗಾಗಿ ನನ್ನ ಕೆಂಪು ಧೂಳಿನ ಕಥೆ ಇಲ್ಲಿ ನಡೆಯುವುದಿಲ್ಲ. ಮೋಟರಿನ ಬಿಸಿಗೆ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ. ಭಾರವೆಲ್ಲ ನೆಲದ ಮೇಲೆ, ಕೈಯಲ್ಲಿ ಪೈಪ್ ಮಾತ್ರ. ರಬ್ಬರ್ ಮೂತಿ ಜೊತೆಗೇ ಬರುತ್ತದೆ. ಕೈಯಲ್ಲೇ ಹಿಡಿಯುವ ಸಣ್ಣ ಮಾಡೆಲ್ಲುಗಳೂ ಇವೆ. ಇಡೀ ಕಾರಿಗೆ ಅವುಗಳ ಗಾಳಿ ಸಾಲದು, ಸಂದುಗಳಿಗೆ ಚೆನ್ನ.

ಗುಣದಲ್ಲಿ ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರಕ್ಕೊಮ್ಮೆ ಒಂದು ಕಾರು ತೊಳೆಯುವವರಿಗೆ ಇದು ಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಜಾಗ ತಿನ್ನುತ್ತದೆ, ಪೈಪ್ ಸುತ್ತಿಡುವುದೇ ಒಂದು ಕೆಲಸ. ದಿನಕ್ಕೆ ಮೂರ್ನಾಲ್ಕು ಕಾರು ಮಾಡುವವರಿಗೆ, ಮನೆಯಲ್ಲಿ ಎರಡು ಕಾರು ಎರಡು ಬೈಕ್ ಇರುವವರಿಗೆ, ಇದೇ ಸರಿ. ಒದ್ದೆ ನೆಲ, ಕರೆಂಟಿನ ವೈರ್ ಎರಡೂ ಒಟ್ಟಿಗೆ ಇರುವ ಜಾಗ ಇದು. 30 ಮಿಲಿಆಂಪಿಯರಿಗೆ ಕಟ್ ಆಗುವ ಸೋರಿಕೆ ರಕ್ಷಣೆಯ ಸ್ವಿಚ್ ಇರುವ ಲೈನಿನಲ್ಲೇ ಹಾಕಿ. ತೆಳು ಎಕ್ಸ್‌ಟೆನ್ಷನ್ ವೈರ್ ಬೇಡ, ಬಿಸಿಯಾಗುತ್ತದೆ.

ಕಂಪ್ರೆಸರ್, ಹೇರ್ ಡ್ರೈಯರ್

ಕಂಪ್ರೆಸರಿನಿಂದ ಕಾರು ಒಣಗಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಒತ್ತಡ ಬಹಳ, ಗಾಳಿ ಸೂಜಿಯಷ್ಟು ಸಣ್ಣ. ಬಾನೆಟ್ಟಿಗೆ ಅರ್ಧ ದಿನ ಬೇಕು. ಟ್ಯಾಂಕಿನಲ್ಲಿ ಕೂತ ತೇವ, ಪಂಪಿನ ಎಣ್ಣೆ ಎರಡೂ ಗಾಳಿಯ ಜೊತೆ ಬರುತ್ತವೆ, ಫಿಲ್ಟರ್ ಹಾಕದಿದ್ದರೆ. ಸ್ಟಿಕ್ಕರ್, ಪಿಪಿಎಫ್ (ಪೇಂಟ್ ಉಳಿಸಲು ಅಂಟಿಸುವ ಪಾರದರ್ಶಕ ಹಾಳೆ) ಅಂಚುಗಳನ್ನು ಎಬ್ಬಿಸುತ್ತದೆ, ಕಲ್ಲು ಬಡಿದು ಎದ್ದ ಪೇಂಟನ್ನು ಕಿತ್ತು ಹಾರಿಸುತ್ತದೆ. ಮನುಷ್ಯರ ಕಡೆಗಂತೂ ತಿರುಗಿಸಲೇಬಾರದು. ಮೊದಲೇ ಇದ್ದರೆ ಒತ್ತಡ ಇಳಿಸಿ ಬೀಗದ ತೂತು, ಲೋಗೋ ಸಂದಿಗೆ ಬಳಸಿ. ಅದಕ್ಕೆಂದೇ ಕೊಳ್ಳಬೇಡಿ.

ಹೇರ್ ಡ್ರೈಯರ್ ನೀರನ್ನು ತಳ್ಳುವುದಿಲ್ಲ, ಕಾಯಿಸಿ ಒಣಗಿಸುತ್ತದೆ. ಲವಣ ಅಲ್ಲೇ ಉಳಿಯುತ್ತದೆ. ನಮಗೆ ಬೇಡದ್ದೇ ಅದು.

ನಿಮ್ಮ ಪೇಂಟ್ ಒಪ್ಪುತ್ತದಾ?

ಇದೇ ನಿರ್ಣಾಯಕ. ಪೈಪ್ ಹಿಡಿದು ಬಾನೆಟ್ ಮೇಲೆ ನೀರು ಬಿಡಿ. ಗುಂಡುಗುಂಡಾಗಿ ಮುತ್ತಿನ ಹಾಗೆ ನಿಂತಿತಾ? ಮೇಲೆ ವ್ಯಾಕ್ಸ್, ಸೀಲೆಂಟ್ ಅಥವಾ ಸೆರಾಮಿಕ್ ಕೋಟಿಂಗ್ ಬದುಕಿದೆ ಅಂತ ಅರ್ಥ. ಅಂಥ ಪೇಂಟಿನ ಮೇಲೆ ಬ್ಲೋವರ್ ಹಿಡಿದರೆ ಹನಿಗಳು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರಿ ಓಡುತ್ತವೆ. ನೋಡುವುದಕ್ಕೇ ಖುಷಿ. ಇಂಥ ಕಾರನ್ನು ಮುಕ್ಕಾಲು ಪಾಲು ಗಾಳಿಯಲ್ಲೇ ಒಣಗಿಸಬಹುದು.

ನೀರು ತೆಳ್ಳಗೆ ಹರಡಿ ಅಂಟಿಕೊಂಡೇ ಕೂತಿತಾ? ಹಾಗಾದರೆ ಎಂಥ ದೊಡ್ಡ ಬ್ಲೋವರ್ ತಂದರೂ ನೀರು ಅತ್ತಿಂದಿತ್ತ ಸರಿದಾಡುತ್ತದೆ ಹೊರತು ಬಿಡುವುದಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ, ಅಕ್ಷರಶಃ ಅದೇ. ಇಂಥವರು ಬ್ಲೋವರಿನ ದುಡ್ಡಲ್ಲಿ ಮೊದಲು ಒಳ್ಳೆಯ ವ್ಯಾಕ್ಸ್, ಒಂದು ಟವೆಲ್ ತರಲಿ. ಉಳಿದರೆ ಪುಟಾಣಿ ಫ್ಯಾನ್.

ಯಾರೇ ಆಗಲಿ, ಕೊನೆಯ ಸಲ ನೀರು ಬಿಡುವಾಗ ಪೈಪಿನ ಸ್ಪ್ರೇ ಗನ್ ಕಳಚಿ. ಒತ್ತಡವಿಲ್ಲದ ಧಾರೆಯನ್ನು ರೂಫಿನಿಂದ ಕೆಳಗೆ ನಿಧಾನಕ್ಕೆ ಹರಿಯಲು ಬಿಡಿ. ಹರಿಯುವ ನೀರು ನಿಂತ ಹನಿಗಳನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಅರ್ಧ ಕೆಲಸ ಯಾವ ಯಂತ್ರವೂ ಇಲ್ಲದೆ ಮುಗಿಯುತ್ತದೆ.

ನಾನು ಮಾಡುವ ಕ್ರಮ

ನೆರಳಿನಲ್ಲಿ, ಎಂಜಿನ್ ತಣ್ಣಗಿದ್ದಾಗ. ಮೊದಲು ಗಾಳಿ, ಆಮೇಲೆ ಟವೆಲ್. ಇದನ್ನು ಉಲ್ಟಾ ಮಾಡಿದರೆ ಒರೆಸಿದ ಮೈ ಮೇಲೆ ಸಂದಿನ ನೀರು ಮತ್ತೆ ಚಿಮ್ಮುತ್ತದೆ, ಎರಡು ಸಲ ಒರೆಸಬೇಕು.

ರೂಫಿನ ಗಟರ್, ಗಾಜಿನ ರಬ್ಬರ್ ಅಂಚು, ವೈಪರ್ ಬುಡ, ಬಾನೆಟ್ ಸಂದು. ಮೂತಿಯನ್ನು ನೇರ ಹಿಡಿಯಬೇಡಿ. ಓರೆಯಾಗಿ, ಗಾಳಿ ಪೇಂಟಿನ ಮೇಲೆ ಜಾರುವ ಹಾಗೆ ಹಿಡಿದು, ಒಂದೇ ದಿಕ್ಕಿಗೆ ಕಸ ಗುಡಿಸಿದ ಹಾಗೆ ನೀರನ್ನು ತಳ್ಳುತ್ತಾ ಬನ್ನಿ. ಮಿರರಿಗೆ ಮೇಲಿಂದ ಒಂದು ಸಲ, ಗಾಜಿನ ಅಂಚಿನ ಸುತ್ತ ಒಂದು ಸಲ, ಆಮೇಲೆ ಮಡಚಿ ಕೆಳಗಿನಿಂದ ಒಂದು ಸಲ. ಅಲ್ಲಿಂದ ಹೊರಬರುವ ನೀರು ನೋಡಿದರೆ ಆಶ್ಚರ್ಯ ಆಗುತ್ತದೆ, ಅಷ್ಟೊಂದು ಎಲ್ಲಿ ಅಡಗಿತ್ತು ಅಂತ. ಗ್ರಿಲ್, ಲೋಗೋ, ನಂಬರ್ ಪ್ಲೇಟಿನ ಹಿಂಬದಿ. ಎಲ್ಲ ಆದ ಮೇಲೆ ಚಕ್ರ, ಏಕೆಂದರೆ ನಟ್ಟಿನ ಗುಂಡಿಯಿಂದ ಚಿಮ್ಮುವ ನೀರು ಪಕ್ಕದ ಬಾಗಿಲಿಗೂ ಬೀಳುತ್ತದೆ. ಅದನ್ನೂ ಸೇರಿಸಿ ಟವೆಲ್ ಒರೆಸಿಬಿಡುತ್ತದೆ.

ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತಾ ಹೋಗುತ್ತದೆ, 94ಕ್ಕೆ ಒಂದೇ ಗಂಟೆ. ಬ್ಲೋವರ್ ನಿಮ್ಮ ಕಿವಿಯಿಂದ ಒಂದು ಮೊಳ ದೂರದಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಶುರು ಮಾಡಿದರೆ ಪಕ್ಕದ ಮನೆಯವರು ಬಂದು ಹೇಳುವುದು ಡೆಸಿಬೆಲ್ ಲೆಕ್ಕವನ್ನಲ್ಲ.

ಎಲ್ಲ ಮುಗಿದ ಮೇಲೆ ಕಾರನ್ನು ಒಂದು ಸುತ್ತು ಓಡಿಸಿ ಬನ್ನಿ, ಆಗಾಗ ಮೆಲ್ಲಗೆ ಬ್ರೇಕ್ ಒತ್ತುತ್ತಾ. ಒದ್ದೆ ಡಿಸ್ಕ್ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತೆಳ್ಳಗೆ ತುಕ್ಕು ಕಟ್ಟಿರುತ್ತದೆ. ಹೊರಡುವಾಗ ಒಂದು ಸಣ್ಣ ಮೈಕ್ರೋಫೈಬರ್ ಬಟ್ಟೆ ಪಕ್ಕದ ಸೀಟಿನಲ್ಲಿರಲಿ. ವಾಪಸ್ ಬಂದು ಇಳಿದು ನೋಡಿ, ಮಿರರ್ ಕೆಳಗೆ ಇನ್ನೂ ಒಂದು ಹನಿ ಇದ್ದೇ ಇರುತ್ತದೆ.